ಅರ್ಧ ಹಳದಿ, ಅರ್ಧ ನೇರಳೆ

ಬಾಯಲ್ಲಿ ಸದಾ ಗುಂಡುಸೂಜಿ ಕಚ್ಚಿಕೊಂಡಿರುವವರಿಗೆ ಮಾತು ಕಮ್ಮಿ. ಹೊಲಿಗೆ ಅಂಗಡಿಯ ಬಾವುಟದ ಚಿಕ್ಕಮ್ಮನ ವಿಷಯದಲ್ಲಂತೂ ಇದು ನೂರಕ್ಕೆ ನೂರು ನಿಜ. ಗಿರಾಕಿ ಬಂದು "ಯಾವಾಗ ಸಿಗುತ್ತೆ?" ಎಂದರೆ ಗೋಡೆಯ ಕ್ಯಾಲೆಂಡರಿನತ್ತ ಗದ್ದ ಎತ್ತುವುದು, "ಕೂಲಿ ಜಾಸ್ತಿಯಾಯ್ತು" ಎಂದರೆ ಹುಬ್ಬು ಏರಿಸುವುದು, ಅಷ್ಟರಲ್ಲಿ ವ್ಯವಹಾರ ಮುಗಿಯುತ್ತಿತ್ತು. ಮಿಕ್ಕ ಮಾತನ್ನೆಲ್ಲ ಆಡಲು ಅವಳ ಅಕ್ಕನ ಮಗಳಿದ್ದಳು. ಅಂಗಡಿಯ ಎರಡನೇ ಹೊಲಿಗೆ ಯಂತ್ರದ ಮುಂದೆ ಕೂರುವ, ಮದುವೆಯ ಮಾತು ಎತ್ತಿದವರನ್ನು ಮೆಟ್ಟಿಲಿಂದಲೇ ವಾಪಸು ಕಳಿಸುವ ಇವಳಿಗೆ ಬೀದಿಯವರು ಇಟ್ಟ ಹೆಸರು ಸೂಜಿ. ಹೊಲಿಗೆಯ ಕಾರಣಕ್ಕಲ್ಲ, ನಾಲಿಗೆಯ ಕಾರಣಕ್ಕೆ.

ಅಂಗಡಿಯೆಂದರೆ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಚಪ್ಪಲಿ ರಿಪೇರಿಯವನಿಗೂ ಬೀಗದ ಕೈ ಮಾಡುವವನಿಗೂ ನಡುವೆ ಸಿಕ್ಕಿಕೊಂಡ ಒಂದು ಕೋಣೆ. ಎರಡು ಯಂತ್ರ, ಬಟ್ಟೆ ಕತ್ತರಿಸುವ ಒಂದು ಮೇಜು, ಗಿರಾಕಿಗೊಂದು ಸ್ಟೂಲು. ಆ ಸ್ಟೂಲಿನ ಮೇಲೆ ಯಾವಾಗಲೂ ಯಾರದೋ ಪರದೆ ಬಿದ್ದಿರುತ್ತಿದ್ದರಿಂದ ಗಿರಾಕಿಗಳು ನಿಂತೇ ಇರುತ್ತಿದ್ದರು. ದಿಂಬಿನ ಚೀಲ, ಕೆಟ್ಟ ಜಿಪ್ಪು, ಉದ್ದವಾದ ಪ್ಯಾಂಟು, ಇವುಗಳಲ್ಲಿ ಬಾಡಿಗೆ ಹುಟ್ಟಿದರೆ ಪುಣ್ಯ. ಇಬ್ಬರು ಹೆಂಗಸರ ಹೊಟ್ಟೆ ನಿಜವಾಗಿ ತುಂಬುತ್ತಿದ್ದದ್ದು ಒಬ್ಬನೇ ಗಿರಾಕಿಯಿಂದ. ಊರಿನ ರಸ್ತೆ ಹಾಕಿಸುವ ಕಂಟ್ರಾಕ್ಟರು. ಅವನ ಕೆಲಸಗಾರರ ಅಂಗಿಗಳೆಲ್ಲ ಇಲ್ಲೇ ಆಗಬೇಕು. ನಗರಸಭೆ ಚುನಾವಣೆ ಬಂತೆಂದರೆ ಬಾವುಟಗಳ ಸುಗ್ಗಿಯೇ ಸುಗ್ಗಿ. ಹಳದಿ ಪಕ್ಷದ್ದೂ ಇಲ್ಲೇ, ನೇರಳೆ ಪಕ್ಷದ್ದೂ ಇಲ್ಲೇ. ಎರಡರ ಆರ್ಡರೂ ಅವನ ಮ್ಯಾನೇಜರೇ ತರುತ್ತಿದ್ದ. ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. ಕೇಳಬೇಕಾದವಳ ಬಾಯಲ್ಲಿ ಗುಂಡುಸೂಜಿ ಇತ್ತಲ್ಲ.

ಎಡವಟ್ಟಾದದ್ದು ಒಂದು ಚುನಾವಣೆಯ ಹೊತ್ತಿನಲ್ಲಿ. ಬಟ್ಟೆಯ ಅಗಲ ಸಾಲದೆ ಪ್ರತಿ ಬಾವುಟವನ್ನೂ ಎರಡು ತುಂಡು ಕೂಡಿಸಿ ಹೊಲಿಯಬೇಕಾಗಿತ್ತು. ಯಂತ್ರದ ಎಡಕ್ಕೆ ಹಳದಿಯ ರಾಶಿ, ಬಲಕ್ಕೆ ನೇರಳೆಯ ರಾಶಿ. ಸಂಜೆ ಕರೆಂಟು ಹೋಯಿತು. ಚಿಕ್ಕಮ್ಮ ಎದ್ದು ದೀಪ ಹಚ್ಚುವ ಜಾತಿಯವಳಲ್ಲ. ಕೈಯಂದಾಜಿನಲ್ಲೇ ಎಡಗೈಯಿಂದ ಒಂದು, ಬಲಗೈಯಿಂದ ಒಂದು ಎತ್ತಿ, ಅಂಚಿಗೆ ಅಂಚು ಕೂಡಿಸಿ ಹೊಲಿದೇ ಬಿಟ್ಟಳು. ಮಾರನೇ ದಿನ ಮ್ಯಾನೇಜರು ಕಟ್ಟು ಬಿಚ್ಚಿದರೆ ಒಂದು ಬಾವುಟ ಅರ್ಧ ಹಳದಿ, ಅರ್ಧ ನೇರಳೆ!

ಚಿಕ್ಕಮ್ಮ ಗುಂಡುಸೂಜಿಗಳನ್ನು ಅಂಗೈಗೆ ಉಗುಳಿ, "ತಪ್ಪಾಯ್ತು ಸಾರ್, ಬಟ್ಟೆ ದುಡ್ಡು ಹಿಡ್ಕೊಳ್ಳಿ" ಎಂದಳು. ಮ್ಯಾನೇಜರು ಬಾವುಟವನ್ನು ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ತಪ್ಪೆಲ್ಲಿ ಬಂತಮ್ಮಾ? ಇದೇ ಸರಿಯಾದ ಬಾವುಟ! ಯಾರು ಗೆದ್ರೂ ನಮ್ಮ ಯಜಮಾನ್ರೇ ತಾನೆ ಗೆಲ್ಲೋದು? ಇಬ್ಬರಿಗೂ ಖರ್ಚು ಹಾಕೋರು ಅವರೇ."

ಹಾಗೆಂದು ಅದನ್ನು ಚೂರುಬಟ್ಟೆಯ ಮೂಟೆಗೆ ಎಸೆದು ಹೋದ. ಸೂಜಿ ನಿಟ್ಟುಸಿರು ಬಿಟ್ಟಳು, ಬದುಕಿದೆಯಾ ಬಡಜೀವವೇ ಎಂದು. ಚಿಕ್ಕಮ್ಮ ಮಾತ್ರ ಬಾವುಟವನ್ನು ಮೂಟೆಯಿಂದ ತೆಗೆದು ಮೇಜಿನ ಮೇಲೆ ಹರಡಿ, ತಾನು ಹಾಕಿದ ಹೊಲಿಗೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸಿದಳು.

"ಹೊಲಿಗೆ ನೇರವಾಗೇ ಇದೆ ಕಣೇ," ಎಂದಳು.

ಆ ವರ್ಷ ಊರಿನಲ್ಲಿ ಕೆಲವರು ಹೊಸ ನಿಯಮವೊಂದಕ್ಕಾಗಿ ಮನೆಮನೆ ಸುತ್ತುತ್ತಿದ್ದರು. ಮುಂದಾಳು ಒಬ್ಬ ರಿಟೈರಾದ ಮೇಷ್ಟ್ರು. ಅವರು ಹೇಳುತ್ತಿದ್ದದ್ದು ಇಷ್ಟೇ: ಚುನಾವಣೆಗೆ ನಿಲ್ಲುವವರು ಮೊದಲು ತಮ್ಮ ಬೀದಿಗಳಲ್ಲಿ ಇಷ್ಟು ಜನರ ಬೆಂಬಲ ತೋರಿಸಲಿ. ತೋರಿಸಿದವರಿಗೆಲ್ಲ ಊರಿನ ಬೊಕ್ಕಸದಿಂದಲೇ ಪ್ರಚಾರಕ್ಕೆ ಒಂದೇ ಸಮನಾದ, ಮಿತವಾದ ಹಣ. ಅದನ್ನು ಪಡೆದವರು ಬೇರೆ ಯಾರ ಮುಂದೆಯೂ ಕೈ ಚಾಚುವಂತಿಲ್ಲ. ಬೇಕೋ ಬೇಡವೋ ಎಂದು ಊರಿನವರೇ ಮತ ಹಾಕಿ ತೀರ್ಮಾನಿಸಬೇಕಿತ್ತು. ಲೈಬ್ರರಿಯ ಮಹಡಿಯಲ್ಲಿ ಅವರ ಸಭೆ. ಬರುತ್ತಿದ್ದವರಿಗಿಂತ ಅಲ್ಲಿದ್ದ ಕುರ್ಚಿಗಳೇ ಹೆಚ್ಚು.

ಒಂದು ಸಂಜೆ ಆ ಸಭೆಗೆ ಚಿಕ್ಕಮ್ಮ ಹೋದಳು. ಪರದೆಯ ಕೋಲಿಗೆ ಆ ಬಾವುಟ ಸಿಕ್ಕಿಸಿಕೊಂಡು ಹೋದಳು. ಮಾರನೇ ಬೆಳಗ್ಗೆ ಅದು ಅಂಗಡಿಯ ಬಾಗಿಲಿಗೆ ಬಂತು.

ಸೂಜಿ ಕೆಂಡಾಮಂಡಲವಾದಳು. "ಕೂತ ಕೊಂಬೇನೇ ಕಡೀತೀಯಲ್ಲ ಚಿಕ್ಕಮ್ಮ! ಆ ನಿಯಮ ಬಂದ್ರೆ ಬಾವುಟ ಯಾರು ಹೊಲಿಸ್ತಾರೆ? ನಿಂಗೆ ಬಾವುಟದ ಚಿಕ್ಕಮ್ಮ ಅಂತ ಹೆಸರು ಬೇರೆ!"

"ಹೌದಲ್ವಾ," ಎಂದಳು ಚಿಕ್ಕಮ್ಮ. ಅಷ್ಟೇ. ಇಂಥವರ ಜೊತೆ ಜಗಳವಾಡುವುದು ಗಾಳಿ ಗುದ್ದಿ ಮೈ ನೋಯಿಸಿಕೊಂಡ ಹಾಗೆ.

ಮ್ಯಾನೇಜರು ಬರಲು ತಡವಾಗಲಿಲ್ಲ. ಈ ಸಲ ನಗಲಿಲ್ಲ. ಬಾವುಟ ಇಳಿಯಬೇಕು, ಇಲ್ಲವಾದರೆ ಕೆಲಸಗಾರರ ಅಂಗಿಯೂ ಇಲ್ಲ, ಮುಂದೆ ಬಾವುಟದ ಆರ್ಡರೂ ಇಲ್ಲ ಎಂದ. ಅವನು ಹೋದ ಮೇಲೆ ಚಿಕ್ಕಮ್ಮ ಯಂತ್ರ ನಿಲ್ಲಿಸಿ ಸೂಜಿಯ ಕಡೆ ತಿರುಗಿದಳು.

"ಇದರಲ್ಲಿ ನಿನ್ನ ಹೊಟ್ಟೇನೂ ಇದೆ ಮಗಳೇ. ನೀನೇ ಹೇಳು."

"ಬಾಗಿಲಿಂದ ತೆಗಿ," ಎಂದಳು ಸೂಜಿ, ಮುಖ ನೋಡದೆ.

ಚಿಕ್ಕಮ್ಮ ಎದ್ದು ತೆಗೆದಳು. ಸೂಜಿಗೆ ಗೆದ್ದೆನೆಂಬ ಖುಷಿ ಇಡೀ ರಾತ್ರಿ ಬಾಳಿತು. ಬೆಳಗ್ಗೆ ನೋಡಿದರೆ ಚಿಕ್ಕಮ್ಮ ಬಾವುಟವನ್ನು ಹೆಗಲಿಗೇರಿಸಿಕೊಂಡು ಬೀದಿಗಿಳಿದಿದ್ದಳು. "ಬಾಗಿಲಿಂದ ತೆಗಿ ಅಂದ್ಲು, ತೆಗೆದೆ" ಎಂದು ತಣ್ಣಗೆ ಹೇಳಿದಳಂತೆ, ಎದುರು ಸಿಕ್ಕ ಚಪ್ಪಲಿ ರಿಪೇರಿಯವನಿಗೆ. ಅವತ್ತೇ ಅಂಗಿಯ ಆರ್ಡರು ಬೇರೆ ಅಂಗಡಿಗೆ ಹೋಯಿತು.

ಇನ್ನು ಹೊಟ್ಟೆಗೆ ತಣ್ಣೀರು ಬಟ್ಟೆಯೇ ಗತಿ ಎಂದು ಸೂಜಿ ಮಾತು ಬಿಟ್ಟಳು. ಮಾತಿಲ್ಲದವಳ ಜೊತೆ ಮಾತು ಬಿಡುವುದೆಂದರೆ ಎಂಥ ದಂಡದ ಕೆಲಸವೆಂದು ಆಮೇಲೆ ಗೊತ್ತಾಯಿತು. ಚಿಕ್ಕಮ್ಮನಿಗೆ ಅದು ಗಮನಕ್ಕೇ ಬಂದಂತಿರಲಿಲ್ಲ. ಬೆಳಗ್ಗೆ ಹೊಲಿಗೆ, ಮಧ್ಯಾಹ್ನದ ಮೇಲೆ ಬೀದಿ. ಕೊನೆಗೊಂದು ದಿನ ಸೂಜಿಗೆ ತಡೆಯಲಾಗಲಿಲ್ಲ. ನಾಲ್ಕು ಜನರ ಮುಂದೆಯೇ ಬೈದು ಕರೆದುಕೊಂಡು ಬರುತ್ತೇನೆಂದು ಅಂಗಡಿಗೆ ಬೀಗ ಹಾಕಿ ಹುಡುಕಿಕೊಂಡು ಹೊರಟಳು.

ಸಾಲು ಮನೆಗಳ ಕೊನೆಯಲ್ಲಿ ಆ ಬಾವುಟ ಕಂಡಿತು. ಶಾಲೆಯ ಬಸ್ ಓಡಿಸುವ ಹೆಂಗಸಿನ ಮನೆಯ ಮುಂದೆ ಚಿಕ್ಕಮ್ಮ ನಿಂತಿದ್ದಳು. ಆ ಹೆಂಗಸು ಡ್ಯೂಟಿ ಮುಗಿಸಿ ಬಂದು, ಇನ್ನೂ ಅದೇ ಖಾಕಿ ಅಂಗಿಯಲ್ಲಿ, ಸೊಂಟಕ್ಕೆ ಕೈ ಕೊಟ್ಟು ಕೇಳುತ್ತಿದ್ದಳು. "ನಾವು ಕಟ್ಟೋ ತೆರಿಗೇಲಿ ಅವರು ಮೆರೀಬೇಕಾ? ಚೆನ್ನಾಗಿದೆ!"

ಸೂಜಿ ಅಲ್ಲೇ ಒಂದು ಗೋಡೆಯ ಮರೆಗೆ ನಿಂತಳು. ಆಗ ಕೇಳಿಸಿದ ದನಿ ಚಿಕ್ಕಮ್ಮನದೇ ಎಂದು ನಂಬಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು.

"ಈಗಲೂ ನಮ್ಮ ದುಡ್ಡೇ ಅಮ್ಮಾ. ರಸ್ತೆಗೆ ಹಾಕ್ಬೇಕಾದ ಜಲ್ಲಿ ಉಳಿಸಿ ಕಂಟ್ರಾಕ್ಟರು ಬಾವುಟ ಹೊಲಿಸ್ತಾರೆ. ಹೊಲಿದವಳು ನಾನೇ. ಇದನ್ನ ನೋಡಿ, ಒಬ್ಬನ ದುಡ್ಡಲ್ಲಿ ಎರಡೂ ಪಕ್ಷ. ನಾನು ಹೊಲಿಗೆಯವಳು, ನಂಗೊಂದೇ ಗೊತ್ತು. ಬಟ್ಟೆ ಯಾರು ಕೊಡ್ತಾರೋ ಅವರ ಅಳತೆಗೇ ಅಂಗಿ ಆಗೋದು. ನಮ್ಮ ಮೈಗೆ ಆಗ್ಬೇಕು ಅಂದ್ರೆ ಬಟ್ಟೆ ನಾವೇ ಕೊಡ್ಬೇಕು."

ಬಸ್ಸಿನ ಹೆಂಗಸು ಬಾವುಟವನ್ನೊಮ್ಮೆ, ಇವಳನ್ನೊಮ್ಮೆ ನೋಡಿ ದಢಾರನೆ ಬಾಗಿಲು ಹಾಕಿಕೊಂಡಳು.

ಚಿಕ್ಕಮ್ಮ ಬೈಯಲಿಲ್ಲ, ಮೂಗೂ ಮುರಿಯಲಿಲ್ಲ. ಮುದುರಿದ ಬಾವುಟದ ತುದಿಯನ್ನು ಎಳೆದು ಸರಿಮಾಡಿ, ಮೊಣಕಾಲು ನೀವಿಕೊಂಡು ಮುಂದಿನ ಮನೆಯ ಮೆಟ್ಟಿಲು ಹತ್ತಿದಳು. ಅಲ್ಲಿಯೂ ಮೊದಲಿನಿಂದ ಅದೇ ಮಾತು, ಅಷ್ಟೇ ನಿಧಾನಕ್ಕೆ. ಬುದ್ಧಿ ಬಂದಾಗಿನಿಂದ ಪಕ್ಕದಲ್ಲೇ ಕೂತು ಹೊಲಿದ ಈ ಹೆಂಗಸು ಯಾರು? ಇಷ್ಟೊಂದು ಮಾತನ್ನು ಎಲ್ಲಿ ಬಚ್ಚಿಟ್ಟಿದ್ದಳು? ಇಷ್ಟೊಂದು ಧೈರ್ಯವನ್ನು? ಬೈಯಲು ಬಂದ ಸೂಜಿ ಹತ್ತಿರ ಹೋಗಿ, "ಕೋಲು ಇಲ್ಲಿ ಕೊಡು ಚಿಕ್ಕಮ್ಮ, ಹೆಗಲು ನೋಯುತ್ತೆ" ಎಂದಳು.

ನಿಯಮ ಗೆದ್ದಿತು. ಕೂದಲೆಳೆಯ ಅಂತರದಲ್ಲಿ ಗೆದ್ದಿತು ಎನ್ನುತ್ತ ಮೇಷ್ಟ್ರು ಅಂಗಡಿಯ ಮುಂದೆ ನಿಂತು ಮಕ್ಕಳ ಹಾಗೆ ಅತ್ತರು. ಆದರೆ ಗೆಲುವು ಬಾಡಿಗೆ ಕಟ್ಟುವುದಿಲ್ಲವಲ್ಲ. ಎರಡನೇ ಯಂತ್ರವನ್ನು ಮಾರಬೇಕಾಯಿತು. ಇಬ್ಬರೂ ಜಗಳವಿಲ್ಲದೆ ಒಂದೇ ಯಂತ್ರದಲ್ಲಿ ಸರದಿ ಹಾಕಿಕೊಂಡು ದಿಂಬಿನ ಚೀಲ ಹೊಲಿದರು. ಮುಂದಿನ ಚುನಾವಣೆ ಘೋಷಣೆಯಾಯಿತು. ಮ್ಯಾನೇಜರು ಬರಲಿಲ್ಲ. ಬರುವುದಿಲ್ಲವೆಂದು ಗೊತ್ತಿದ್ದೂ ಸೂಜಿ ದಿನವೂ ಬಾಗಿಲ ಕಡೆ ಒಂದು ಕಣ್ಣಿಟ್ಟಿರುತ್ತಿದ್ದಳು.

ಒಂದು ಮಧ್ಯಾಹ್ನ ಬಂದದ್ದು ಖಾಕಿ ಅಂಗಿಯ ಹೆಂಗಸು. ಒಳಗೆ ಬರಲು ಸಂಕೋಚಪಟ್ಟುಕೊಂಡು ಹೊಸ್ತಿಲಲ್ಲೇ ನಿಂತಳು.

"ಅವತ್ತು ಬಾಗಿಲು ಹಾಕ್ಕೊಂಡೆ," ಎಂದಳು ಚಿಕ್ಕಮ್ಮನಿಗೆ. "ಹಾಕ್ಕೊಂಡು ಬಾಗಿಲ ಹಿಂದೇನೇ ನಿಂತಿದ್ದೆ. ಪಕ್ಕದ ಮನೇಲಿ ನೀವು ಮತ್ತೆ ಹೇಳಿದ್ದೂ ಕೇಳಿಸ್ತು. ಈ ಸಲ ಚುನಾವಣೆಗೆ ನಾನು ನಿಂತಿದ್ದೀನಿ. ನಮ್ಮ ಬೀದಿಯೋರು ಬೆಂಬಲ ಕೊಟ್ರು, ಬೊಕ್ಕಸದ ಹಣಾನೂ ಬಂತು. ಒಂದು ಬಾವುಟ ಬೇಕಿತ್ತು."

"ಒಂದಾ?" ಎಂದಳು ಸೂಜಿ.

"ಒಂದೇ. ನಡ್ಕೊಂಡು ಹೋಗೋಳು ನಾನೊಬ್ಬಳೇ ಅಲ್ವಾ?"

ಸೂಜಿ ಬಿಲ್ ಪುಸ್ತಕ ತೆಗೆದು, ಅಭ್ಯಾಸಬಲದಿಂದ, "ಬಿಲ್ ಯಾರ ಹೆಸರಿಗೆ?" ಎಂದಳು.

"ಯಾರ ಹೆಸರಿಗೆ ಅಂದ್ರೆ? ನನ್ನ ಹೆಸರಿಗೇ."

ಸೂಜಿಯ ಕೈ ನಿಂತಿತು. ಸಾವಿರಾರು ಬಾವುಟ ಹೊಲಿದ ಈ ಕೋಣೆಗೆ ಚುನಾವಣೆಗೆ ನಿಂತವರೊಬ್ಬರು ತಾವಾಗಿ ಬಂದದ್ದು ಇದೇ ಮೊದಲೆಂಬುದು ಆಗ ಅವಳಿಗೆ ಹೊಳೆಯಿತು. ಚಿಕ್ಕಮ್ಮ ಯಂತ್ರದ ಸೂಜಿಗೆ ನೂಲು ಪೋಣಿಸಲು ನೋಡಿದಳು. ನೂಲು ತೂತಿಗೆ ಸಿಗಲಿಲ್ಲ. ಕಣ್ಣು ಒರೆಸಿಕೊಳ್ಳುತ್ತ, "ನೀನೇ ಹೊಲಿ ಕಣೇ" ಎಂದು ಎದ್ದು ಜಾಗ ಬಿಟ್ಟಳು.

ಸೂಜಿ ಸ್ಟೂಲಿನ ಮೇಲಿದ್ದ ಪರದೆಯನ್ನು ತೆಗೆದು ಪಕ್ಕಕ್ಕಿಟ್ಟಳು. "ಕೂತ್ಕೊಳ್ಳಿ ಅಕ್ಕ," ಎಂದಳು. ಆಮೇಲೆ ಈ ಅಂಗಡಿಯಲ್ಲಿ ಯಾರೂ ಯಾವತ್ತೂ ಯಾರನ್ನೂ ಕೇಳಿರದ ಮಾತನ್ನು ಕೇಳಿದಳು.

"ಗೆದ್ರೆ ಏನ್ ಮಾಡ್ತೀರಾ?"

ಹೆಂಗಸು ಕೂತು ಹೇಳತೊಡಗಿದಳು. ಶಾಲೆಯ ಹತ್ತಿರದ ತಿರುವಿನಿಂದ ಶುರುಮಾಡಿದಳು, ಅಲ್ಲಿ ಬಸ್ಸಿಗೆ ಎದುರು ಬರುವ ಗಾಡಿಯೇ ಕಾಣುವುದಿಲ್ಲವಂತೆ. ಸೂಜಿ ಯಂತ್ರದ ಚಕ್ರದ ಮೇಲೆ ಕೈಯಿಟ್ಟು, ತುಳಿಯುವುದನ್ನು ಮರೆತು ಕೇಳುತ್ತಿದ್ದಳು.