ದೃಷ್ಟಿ ಮೆಣಸಿನಕಾಯಿ ತಿಂದ ಗಿಣಿ

ನಮ್ಮ ಗಿಣಿ ಬಂದ ವಾರದಲ್ಲೇ ಮುಂಬೈಯ ಅರ್ಧ ಭಾಂಡುಪ್ ಬಡಾವಣೆಯನ್ನು ಕಚ್ಚಿತ್ತು. ಅರ್ಧ ಅಂದರೆ ಮೂರು ಜನ. ಮಿಕ್ಕ ಅಷ್ಟೂ ಕಡಿತ ನನ್ನೊಬ್ಬನ ಪಾಲಿನದು.

ಅಪ್ಪ ಟೈಲ್ಸ್ ಕೂರಿಸುವವನು. ಪಕ್ಕದ ಬಡಾವಣೆ ಮುಲುಂಡ್‌ನಲ್ಲಿ ಫ್ಲ್ಯಾಟ್ ಬಾಡಿಗೆಗೆ ಕೊಟ್ಟು ಊರು ಬಿಡುತ್ತಿದ್ದವರು, ಬಾತ್‌ರೂಮಿನ ಕೆಲಸ ಮುಗಿದ ದಿನ, ಪಂಜರ ಸಮೇತ ಈ ಕಿತ್ತಳೆ ಬಣ್ಣದ ವಿದೇಶಿ ಗಿಣಿಯನ್ನು ಅವನ ಕೈಗಿತ್ತರು. ಏನು ತಿನ್ನುತ್ತದೆ ಎಂದು ಹೇಳಿದರು. ಯಾರನ್ನು ತಿನ್ನುತ್ತದೆ ಎಂದು ಹೇಳಲಿಲ್ಲ.

ಗಿಣಿ ಪಳಗಿಸುವುದೆಂದರೆ ನನಗೆ ನೀರು ಕುಡಿದಷ್ಟು ಸಲೀಸು ಎಂದು ನಮ್ಮ ವಠಾರದ, ಅಂದರೆ ಚಾಳಿನ, ಉದ್ದ ಗ್ಯಾಲರಿ ತುಂಬ ಕೊಚ್ಚಿಕೊಂಡಿದ್ದೆ. ಗೆಳೆಯರನ್ನು ಸಾಲಾಗಿ ನಿಲ್ಲಿಸಿ ಪಂಜರದೊಳಗೆ ಮೇಲಿನಿಂದ ಕೈ ಇಳಿಸಿದೆ. ನನ್ನ ಕೂಗಿಗೆ ಸ್ಟೇಷನ್ನಿನಲ್ಲಿದ್ದ ಲೋಕಲ್ ರೈಲು ಹಾರ್ನ್ ಬಾರಿಸಿ ಉತ್ತರ ಕೊಟ್ಟಿತು.

ಅಪ್ಪನ ತಾಯಿ, ಅಂದರೆ ನಮ್ಮ ಆಯಿ, ವಿಜಯಪುರದ ಕಡೆಯವಳು. "ಇಂಥಾ ಚಂದದ ಹಕ್ಕಿಗಿ ದೃಷ್ಟಿ ಆಗದ ಇರ್ತೈತೇನು? ಅದಕ್ಕ ಕಚ್ಚತೈತಿ" ಎಂದು ಒಣ ಮೆಣಸಿನಕಾಯಿಗಳನ್ನು ಪಂಜರಕ್ಕೆ ಮೂರು ಸುತ್ತು ನಿವಾಳಿಸಿದಳು. ಊರಲ್ಲಾಗಿದ್ದರೆ ಒಲೆಗೆ ಹಾಕುತ್ತಿದ್ದಳು. ಇಲ್ಲಿ ಸುಟ್ಟರೆ ಇಡೀ ಚಾಳು ಕೆಮ್ಮುತ್ತ ಜಗಳಕ್ಕೆ ಬರುತ್ತದೆ. ಅದಕ್ಕೇ ಪಂಜರದೊಳಕ್ಕೇ ಹಾಕಿದಳು. "ನಾಲಿಗಿ ಚುರ್ ಅಂದ್ರ ಬುದ್ಧಿ ಬರತೈತಿ."

ಅಲ್ಲಿಂದ ಕಚ್ಚಿದಾಗಲೆಲ್ಲ ಮೆಣಸಿನಕಾಯಿ. ಬುದ್ಧಿ ಮಾತ್ರ ಬರಲಿಲ್ಲ. ಒಂದು ದಿನ ಅಪ್ಪನ ತೋರುಬೆರಳನ್ನೇ ಕಚ್ಚಿ ಗಾಯ ಮಾಡಿತು. ಗಾಯಕ್ಕೆ ಸಿಮೆಂಟ್ ತಾಗಿ ಬೆರಳು ಬದನೆಕಾಯಿಯಾಯಿತು.

"ಐತವಾರದ ತನಕ ನೋಡ್ತೀನಿ," ಎಂದ. "ಅವತ್ತೂ ಕಚ್ಚಿತಂದ್ರ ಹಕ್ಕಿ ಅಂಗಡಿಯಾವಗ ಕೊಟ್ಟು ಬರ್ತೀನಿ. ಆಮ್ಯಾಲ ಅಳಬ್ಯಾಡ."

"ಛೋಡೋ ಅಪ್ಪಾ, ನಾ ಯಾಕ ಅಳ್ಲಿ?" ಎಂದೆ. ಎಂದವನು ನಲ್ಲಿ ಬಿಟ್ಟುಕೊಂಡು ಬಹಳ ಹೊತ್ತು ಮುಖ ತೊಳೆದೆ. ಮೆಟ್ಟಿಲ ಮೇಲಿನ ನನ್ನ ಹೆಜ್ಜೆ ಸಪ್ಪಳ ಗುರುತು ಹಿಡಿದು ಖುಷಿಯಿಂದ ಕಿರಿಚುತ್ತಿದ್ದದ್ದು ಗಿಣಿಯೊಂದೇ. ಮನೆಯ ಉಳಿದವರು ನನ್ನನ್ನು ನೋಡಿ ಕಿರಿಚುವುದು ರಿಸಲ್ಟ್ ಬಂದಾಗ.

ಆ ವಾರ ಬೇರೆಯವರು ಪಂಜರಕ್ಕೆ ಕೈ ಹಾಕುವಾಗ ನಾನು ಕೈ ಕಟ್ಟಿಕೊಂಡು ಬರೀ ನೋಡಿದೆ. ಅದು ಕೈ ಕಂಡ ಕೂಡಲೇ ಕಚ್ಚುತ್ತಿರಲಿಲ್ಲ. ಮೊದಲು ಹಿಂದೆ ಸರಿಯುತ್ತಿತ್ತು. ಆಮೇಲೆ ಕತ್ತಿನ ಪುಕ್ಕ ನಿಗುರುತ್ತಿತ್ತು. ಕಣ್ಣಿನ ಕರಿಬೊಟ್ಟು ಚಿಕ್ಕದಾಗಿ, ದೊಡ್ಡದಾಗಿ, ಮತ್ತೆ ಚಿಕ್ಕದಾಗುತ್ತಿತ್ತು. ಮೂರು ಸಲ ಬೇಡ ಎಂದ ಮೇಲೆಯೇ ಕೊಕ್ಕು. ಆ ಮೂರೂ ಸಲ ನಾನು ಗೆಳೆಯರ ಮುಖ ನೋಡುತ್ತಿದ್ದೆ.

ಇನ್ನೊಂದು ಸೋಜಿಗವಿತ್ತು. ಕಚ್ಚಿದ ತಕ್ಷಣ ಅದು ಕಾಳಿನ ಬಟ್ಟಲ ಬಳಿ ಹೋಗಿ, ಆಯಿಯ ಕಡೆ ಕತ್ತು ವಾಲಿಸಿ ಕಾಯುತ್ತಿತ್ತು. ಮೆಣಸಿನಕಾಯಿ ಬಿದ್ದರೆ ಬೀಜ ಬಿಡಿಸಿ ಚಪ್ಪರಿಸುತ್ತಿತ್ತು. ಗಿಣಿಗೆ ಖಾರ ಹತ್ತುವುದೇ ಇಲ್ಲ!

"ಆಯಿ, ನೀ ಶಿಕ್ಷಾ ಕೊಡಾಕತ್ತಿಲ್ಲ, ಪಾರ್ಟಿ ಕೊಡಾಕತ್ತಿ!"

"ಅಯ್ಯ ಇದರ! ಹಂಗಾದ್ರ ಸುಮ್ಮ ಕುಂತಾಗ ಕೊಡೋಣು. ಕಚ್ಚಿದಾಗ ಏನೂ ಬ್ಯಾಡ."

ಹಾಗೇ ಮಾಡಿದೆವು. ಕಚ್ಚಿದರೆ ಕೂಗಾಟವಿಲ್ಲ, ನಿವಾಳಿಯೂ ಇಲ್ಲ.

ಐತವಾರ ಬಂತು. ಅಷ್ಟರಲ್ಲಿ ನಾನು ಗ್ಯಾಲರಿಗೆಲ್ಲ ಆಮಂತ್ರಣ ಕೊಟ್ಟಾಗಿತ್ತು, ಬಾಗಿಲಲ್ಲಿ ಜನ. ಅವರನ್ನು ಕಂಡು ಗಿಣಿ ಹಿಂದೆ ಸರಿಯಿತು. ಪುಕ್ಕ ನಿಗುರಿತು. ಈ ಸಲ ನಾನು ಅದನ್ನು ನೋಡಿದೆ.

"ಚಲೋ, ಶೋ ಕ್ಯಾನ್ಸಲ್" ಎಂದು ಬಾಗಿಲು ಹಾಕಿಬಿಟ್ಟೆ.

"ಡರ್‌ಪೋಕ್!" ಎಂದು ಗೆಳೆಯರು ಹೊರಗಿನಿಂದ ನನ್ನ ಪುಕ್ಕಲುತನ ಸಾರಿದರು.

"ಅಪ್ಪಾ, ಕೈ ಮ್ಯಾಲಿಂದ ಬ್ಯಾಡ. ಕೆಳಗ ಹಿಡಿ, ಅದರ ಹೊಟ್ಟಿ ಮುಂದ."

ಅಪ್ಪ ಹಿಡಿದ. ಟೈಲ್ಸ್ ಮೇಲೆ ಮಟ್ಟ ನೋಡುವ ಲೆವೆಲ್ ಇಟ್ಟು ಅದರೊಳಗಿನ ಗುಳ್ಳೆ ನಡುವೆ ನಿಲ್ಲುವ ತನಕ ಕಾಯುತ್ತಾನಲ್ಲ, ಹಾಗೆ ಉಸಿರು ಹಿಡಿದು ಕಾದ. ಪುಕ್ಕ ಮೆಲ್ಲಗೆ ಇಳಿಯಿತು. ಒಂದು ಕಾಲು, ಆಮೇಲೆ ಇನ್ನೊಂದು. ಬ್ಯಾಂಡೇಜ್ ಕಟ್ಟಿದ್ದ ಆ ಬೆರಳ ಮೇಲೆಯೇ ಹತ್ತಿ ಕುಳಿತುಕೊಂಡಿತು.

"ಮೆಣಸಿನಕಾಯಿ ತಾ," ಅಪ್ಪ ಪಿಸುಗುಟ್ಟಿದ. "ಅಂಗಡಿಯಾವಗ ಇದನ್ನ ಕೊಡೂದು ಬ್ಯಾಡ."

ಅದನ್ನು ನೋಡಿದವರು ಅಪ್ಪ, ಆಯಿ, ನಾನು, ಮೂವರೇ. ಹೊರಗೆ ಹೋಗಿ ಒಂದಕ್ಷರ ಹೆಚ್ಚಿಸದೆ, ಇದ್ದದ್ದು ಇದ್ದ ಹಾಗೆ ಹೇಳಿದೆ. ಒಬ್ಬನೂ ನಂಬಲಿಲ್ಲ.