ಗಾಜಿನೊಳಗಿನ ಕೌದಿ

ಹಾನಗಲ್ಲಿನ ಲೇಖಕನ ಮನೆಯನ್ನು ಸ್ಮಾರಕ ಮಾಡಿದ್ದಾರಂತೆ ಎಂಬ ಸುದ್ದಿ ಹಿರೇಕೆರೂರಿಗೆ ಬಂದ ದಿನದಿಂದ ನನಗೆ ಊಟ ಸೇರಲಿಲ್ಲ. ಅವ್ವನಿಗೆ ಮಾತ್ರ ಹಬ್ಬ. "ನನ್ನ ಹೆಸರ ಇರೂ ಪುಸ್ತಕಾನೂ ಅಲ್ಲಿ ಇಟ್ಟಿರ್ತಾರ, ನೋಡಿ ಬರೂಣು ನಡಿ" ಎಂದು ದಿನಾ ಬೆಳಿಗ್ಗೆ ರೊಟ್ಟಿ ಬಡಿಯುತ್ತ ಹೇಳುವಳು. ಆ ಪುಸ್ತಕದಲ್ಲಿ ಅವಳ ಹೆಸರು ಇರಲಿಲ್ಲ. ಅದು ನನಗೆ ಗೊತ್ತಿತ್ತು, ತೀರಿಹೋದ ಆ ಲೇಖಕನಿಗೂ ಗೊತ್ತಿತ್ತು. ಅವಳೊಬ್ಬಳಿಗೆ ಗೊತ್ತಿರಲಿಲ್ಲ. ಅದಕ್ಕೆ ಕಾರಣ ನಾನೇ.

ನಾನು ಹುಟ್ಟಿ ಬೆಳೆದದ್ದು ಹಾನಗಲ್ಲಿನಲ್ಲಿ, ಆ ಮನೆಯ ಹಿಂದಿನ ಓಣಿಯಲ್ಲಿ. ಅಪ್ಪ ಬಾಡಿಗೆ ಗಾಡಿ ಹೊಡೆಯುತ್ತಿದ್ದ. ಅವ್ವ ಊರಿನ ಮನೆಗಳಿಗೆ ಕೌದಿ ಹೊಲಿದು ಕೊಡುತ್ತಿದ್ದಳು. ಹಳೆಯ ಸೀರೆ, ಧೋತರ, ಕುಪ್ಪಸದ ಚೂರುಗಳನ್ನು ಪದರ ಪದರವಾಗಿ ಹಾಸಿ, ನಾಲ್ಕೂ ಅಂಚಿನಿಂದ ಶುರು ಮಾಡಿ, ಸುತ್ತು ಸುತ್ತಾಗಿ ಒಳಗೊಳಗೆ ಹೊಲಿಯುತ್ತ ಬರುವುದು ಅವಳ ಕ್ರಮ. ಕೊನೆಗೆ ನಟ್ಟನಡುವೆ ಅಂಗೈ ಅಗಲದ ಜಾಗ ಉಳಿಯುತ್ತಿತ್ತು. ಅದು ಕೌದಿಯ ಹೊಟ್ಟೆ. ಅಲ್ಲಿ ನಾಲ್ಕು ಕಾಳು ಜೋಳ, ಒಂದು ಚೂರು ಒಣಗಿದ ಕಟಿರೊಟ್ಟಿ ಇಟ್ಟು ಮೇಲೊಂದು ತುಂಡು ಮುಚ್ಚಿ ಹೊಲಿದುಬಿಡುವಳು. "ಕೌದಿ ಹಸದಿದ್ರ ಹೊತಗೊಂಡವರಿಗೆ ನಿದ್ದಿ ಹತ್ತೂದಿಲ್ಲ" ಎನ್ನುವಳು. ಹೊಲಿಯುವಾಗ ಕಥೆ ಹೇಳುವಳು. ಒಂದು ಕೌದಿಗೆ ಒಂದು ಕಥೆ. ಹೊಟ್ಟೆ ಮುಚ್ಚುವುದರೊಳಗೆ ಕಥೆ ಮುಗಿಯಬೇಕು, ಮುಚ್ಚಿದ ಮೇಲೆ ಮಾತಿಲ್ಲ.

ಲೇಖಕ ಆಗ ಲೇಖಕನಾಗಿರಲಿಲ್ಲ. ಕಾಲೇಜು ಓದಿ ಬಂದು ಕೆಲಸವಿಲ್ಲದೆ ಕೂತಿದ್ದ ದೊಡ್ಡ ಮನೆಯ ಮಗ. ಮಧ್ಯಾಹ್ನ ಒಂದು ನೋಟುಬುಕ್ಕು ಹಿಡಿದು ನಮ್ಮ ಅಂಗಳಕ್ಕೆ ಬರುತ್ತಿದ್ದ. "ಅಕ್ಕಾ, ಆಮ್ಯಾಲ ಏನಾತು?" ಎಂದು ಕೇಳುವನು. "ಮೊದಲ ಸೂಜಿಗೆ ದಾರಾ ಪೋಣಿಸಿ ಕೊಡು, ಹೇಳ್ತೇನಿ" ಎಂದು ಅವ್ವ. ಅವನು ಪೋಣಿಸುವನು. ನಮ್ಮ ಓಣಿಗೆ ಅವನು ಮಾಡಿದ ಉಪಕಾರ ಅದೊಂದೇ. ಹೋಗುವಾಗ, "ಇದೆಲ್ಲಾ ಪುಸ್ತಕ ಮಾಡ್ತೇನಿ, ನಿನ್ನ ಹೆಸರ ಹಾಕ್ತೇನಿ ಅಕ್ಕಾ" ಎಂದು ಹೇಳಿ ಹೋಗುತ್ತಿದ್ದ. ಕೇಳಿದವರು ಯಾರು? ಆದರೂ ಹೇಳುತ್ತಿದ್ದ.

ಅವರ ಮನೆಗೂ ಅವ್ವ ಒಂದು ಕೌದಿ ಹೊಲಿದಳು. ಅವನ ತಾಯಿ ತನ್ನ ಹಳೆಯ ಇಳಕಲ್ ಸೀರೆಗಳನ್ನು ಕೊಟ್ಟಿದ್ದಳು. ಆ ಯಜಮಾನತಿಗೆ ಸೂಜಿಯ ಯಾವ ತುದಿಗೆ ತೂತಿರುತ್ತದೆಂಬುದೂ ತಿಳಿಯದು, ಅದು ಅವರ ಮನೆಯ ದೊಡ್ಡಸ್ತಿಕೆ. ಹೊಟ್ಟೆ ಮುಚ್ಚುವ ಹೊತ್ತಿಗೆ ಬಟ್ಟೆ ಸಾಲದೆ ಬಂತು. ಅವ್ವ ಹಿಂದೆ ಮುಂದೆ ನೋಡದೆ ನಾನು ಉಡುವ ಹಸಿರು ಪರಕಾರದ ಅಂಚು ಕತ್ತರಿಸಿ ಹಚ್ಚಿದಳು. ಇದ್ದ ಎರಡು ಪರಕಾರಗಳಲ್ಲಿ ಅದೊಂದೇ ಚೆನ್ನಾಗಿತ್ತು. ನಾನು ಉರುಳಾಡಿ ಅತ್ತೆ. "ದೊಡ್ಡವರ ಮನ್ಯಾಗ ನಿಂದೊಂದ ಚೂರ ಇರ್ಲಿ ಬಿಡ" ಎಂದು ಅವ್ವ ನಕ್ಕಳು.

ಪುಸ್ತಕ ಬಂದದ್ದು ಅದಾಗಿ ಎಷ್ಟೋ ವರ್ಷಕ್ಕೆ. ಐವತ್ತರ ದಶಕ ಇನ್ನೂ ಮುಗಿದಿರಲಿಲ್ಲ. ಹಿರೇಕೆರೂರಿನ ಪ್ರಾಥಮಿಕ ಶಾಲೆಯಲ್ಲಿ ನನಗೆ ಮಾಸ್ತರಿಕೆ ಸಿಕ್ಕಿ ಆರು ತಿಂಗಳಾಗಿತ್ತು. ಪುಸ್ತಕ ಕೊಂಡು ಹಾನಗಲ್ಲಿಗೆ ಒಯ್ದೆ. ಅವ್ವ ಓಣಿಯ ಹೆಂಗಸರನ್ನೆಲ್ಲ ಕರೆದು ಕೂಡಿಸಿದ್ದಳು. ನಾನು ಓದಿದೆ. ಒಂದೊಂದು ಕಥೆ ಶುರುವಾದ ಕೂಡಲೇ, "ಇದು ಫಲಾನೆಯವರ ಕೌದೀದು" ಎಂದು ಅವ್ವ ಗುರುತು ಹಿಡಿಯುತ್ತ ಹೋದಳು. ಅವಳ ಗಾದೆ, ಅವಳ ಬೈಗಳು, ಅವಳು ಉಸಿರು ಎಳೆದುಕೊಳ್ಳುವ ಜಾಗ ಕೂಡ ಹಾಗೇ ಅಚ್ಚಾಗಿದ್ದವು. ಎಲ್ಲ ಮುಗಿದ ಮೇಲೆ ಅವ್ವ ಸೀರೆ ಸರಿಮಾಡಿಕೊಂಡು ಕೂತಳು.

"ನನ್ನ ಹೆಸರ ಎಲ್ಲಿ ಐತಿ, ತೋರ್ಸು."

ಮುನ್ನುಡಿಯನ್ನು ನಾನು ಬಸ್ಸಿನಲ್ಲೇ ಮೂರು ಸಲ ಓದಿದ್ದೆ. ಅಲ್ಲಿ ಪ್ರೊಫೆಸರರಿದ್ದರು, ಸ್ನೇಹಿತರಿದ್ದರು, ಅಚ್ಚುಕೂಟದವರಿದ್ದರು. 'ಈ ಕಥೆಗಳೆಲ್ಲ ನನ್ನ ಪೂಜ್ಯ ಮಾತೃಶ್ರೀಯವರ ಬಾಯಿಂದ ಕೇಳಿದವು' ಎಂದು ಬರೆದಿತ್ತು. ಎಂಟು ಜನ ಹೆಂಗಸರು ನನ್ನ ಬಾಯಿ ನೋಡುತ್ತಿದ್ದರು. ನಾನು ಪುಟ ತೆರೆದು ಕೆಳಗಿನ ಒಂದು ಸಾಲಿನ ಮೇಲೆ ಬೆರಳಿಟ್ಟೆ.

"ಇಲ್ಲೈತಿ ನೋಡವ್ವಾ. 'ಅಕ್ಕನ ಋಣ ತೀರಿಸಲಾರೆ' ಅಂತ ನಿನ್ನ ಹೆಸರ ಹಿಡದು ಬರದಾನ."

ಅವ್ವ ಎದ್ದುಹೋಗಿ ಕೈ ತೊಳೆದು ಬಂದು ಆ ಸಾಲಿಗೆ ಕುಂಕುಮ ಹಚ್ಚಿದಳು. ಎಲ್ಲರ ಬಾಯಿಗೂ ಸಕ್ಕರೆ ಹಾಕಿದಳು. ನನ್ನ ಬಾಯಿಗೂ ಹಾಕಿದಳು.

ಒಂದು ಸುಳ್ಳಿಗೆ ಹತ್ತು ಸುಳ್ಳು ಎನ್ನುತ್ತಾರೆ. ನನಗೆ ಹತ್ತು ಬೇಕಾಗಲಿಲ್ಲ, ಅದೊಂದನ್ನೇ ನೂರು ಸಲ ಹೇಳಬೇಕಾಯಿತು. ಸವಣೂರಿನ ಬೀಗರ ಮನೆಗೆ ಹೋದರೂ ಪುಸ್ತಕ ಬರುತ್ತಿತ್ತು. ಎಲೆ ಅಡಿಕೆ ತಟ್ಟೆಯ ಜೊತೆ ಅದನ್ನೂ ಮುಂದಿಡುವಳು. ಓದಬಲ್ಲವರು ಯಾರಾದರೂ ಕೈ ಚಾಚಿದರೆ ನಾನೇ ಮುಂಚೆ ಎತ್ತಿಕೊಂಡು ಗಟ್ಟಿಯಾಗಿ ಓದಿಬಿಡುತ್ತಿದ್ದೆ. ಇಲ್ಲದ ಸಾಲನ್ನು ಓದಿ ಓದಿ ಅದು ನನಗೇ ಬಾಯಿಪಾಠವಾಗಿತ್ತು. ಅವ್ವನ ಸಂತೋಷಕ್ಕೆ ಇಷ್ಟು ಮಾಡಿದರೆ ತಪ್ಪೇನು ಎಂದು ನನ್ನನ್ನು ನಾನೇ ಹೊಗಳಿಕೊಳ್ಳುತ್ತಿದ್ದೆ. ಲೇಖಕನ ಮೇಲೆ ಮಾತ್ರ ಸಿಟ್ಟು ಉರಿಯುತ್ತಿತ್ತು. ಕಳ್ಳ ಅವನು, ಅವ್ವನಿಗೆ ನ್ಯಾಯ ಕೊಟ್ಟವಳು ನಾನು ಎಂದೇ ನಂಬಿದ್ದೆ.

ಮುಂದೆ ಶಿಗ್ಗಾಂವಿಯ ಶಾಲೆಯೊಂದರಲ್ಲಿ ಅವನಿಗೆ ಸತ್ಕಾರವಿತ್ತು. ಅವ್ವ ಹಟ ಹಿಡಿದು ನನ್ನನ್ನು ಕರೆದುಕೊಂಡು ಹೋದಳು. ಸಭೆ ಮುಗಿದು ಜನ ಚದುರುವಾಗ ನೂಕಿಕೊಂಡು ಮುಂದೆ ಹೋಗಿ ಕೈ ಮುಗಿದಳು.

"ನನ್ನ ಹೆಸರ ಹಾಕಿದಿ ತಮ್ಮಾ. ಆಡಿದ ಮಾತ ಉಳಿಸಿಕೊಂಡಿ. ನಿನ್ನ ಹೊಟ್ಟಿ ತಣ್ಣಗಿರ್ಲಿ."

ಅವನ ಮುಖ ಒಂದು ಗಳಿಗೆ ಕಪ್ಪಿಟ್ಟಿತು. ಅವ್ವನ ಕೈಯಲ್ಲಿದ್ದ ಪುಸ್ತಕ ನೋಡಿದ, ಆಮೇಲೆ ಅವಳ ಪಕ್ಕಕ್ಕಿದ್ದ ನನ್ನನ್ನು ನೋಡಿದ. ಎಲ್ಲ ತಿಳಿಯಿತು ಅವನಿಗೆ. ಜಾಣನಲ್ಲವೇ! ನಕ್ಕು, "ಹಾಕದ ಇರಾಕ ಆಕ್ಕತೇನು ಅಕ್ಕಾ?" ಎಂದು ಕೊರಳಿನ ಹಾರ ತೆಗೆದು ಅವಳ ಕೈಗೆ ಕೊಟ್ಟ. ನಾನು ಬಾಯಿ ತೆರೆಯಲಿಲ್ಲ. ಆ ಹಾರ ಒಣಗಿ ಪುಡಿಯಾಗುವ ತನಕ ನಮ್ಮ ಮನೆಯ ಗೂಟದಲ್ಲಿ ತೂಗುತ್ತಿತ್ತು.

ಕೆಲವು ವರ್ಷಗಳಲ್ಲಿ ಅವನು ಸತ್ತ. ಅಪ್ಪನೂ ಹೋದ. ಅವ್ವ ಹಿರೇಕೆರೂರಿಗೆ ನನ್ನ ಹತ್ತಿರ ಬಂದಳು. ಅಷ್ಟರಲ್ಲಿ ಸ್ಮಾರಕದ ಸುದ್ದಿ ಬಂತು. ಶಾಲೆಯ ತಪಾಸಣೆ, ಮಳೆ, ನೆಗಡಿ ಎಂದು ಎಷ್ಟು ದಿನ ಮುಂದೂಡಲಿ? ಒಂದು ಭಾನುವಾರ ಅವಳೇ ಮೊದಲು ಸೀರೆ ಉಟ್ಟು, ಪುಸ್ತಕವನ್ನು ಅರಿವೆಯಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡು, ಬಾಗಿಲಲ್ಲಿ ನಿಂತಿದ್ದಳು.

ಸ್ಮಾರಕದ ಮೊದಲ ಕೋಣೆ 'ಲೇಖಕರು ಮತ್ತು ಅವರ ಊರು' ಎಂಬುದಕ್ಕೆ ಮೀಸಲು. ಗೋಡೆಯ ತುಂಬ ಹಾನಗಲ್ಲಿನ ಚಿತ್ರಗಳು: ಕೆರೆ, ಗುಡಿ, ಗದ್ದೆ, ಅವನು ಕಲಿತ ಶಾಲೆ, ಅವನು ಕೂರುತ್ತಿದ್ದ ಕಟ್ಟೆ. ನಡುವೆ ಬಣ್ಣ ಹಚ್ಚಿದ ಊರಿನ ನಕ್ಷೆ. ಅದರಲ್ಲಿ ನಮ್ಮ ಓಣಿಯನ್ನು ಹುಡುಕಿದೆ. ಅವರ ಮನೆಯ ಹಿಂದಿನ ಜಾಗದಲ್ಲಿ 'ಹಿತ್ತಲು' ಎಂದು ಬರೆದಿತ್ತು. ಹದಿನಾಲ್ಕು ಮನೆ ಇದ್ದ ಓಣಿ. ಅವ್ವನಿಗೆ ಅದನ್ನು ಓದಿ ಹೇಳಲಿಲ್ಲ. ಎರಡನೆಯ ಕೋಣೆಯಲ್ಲಿ ಅವನ ಚಾಳೀಸು, ಕೋಲು, ಮೆಟ್ಟು. ಮೆಟ್ಟಿಗೂ ಒಂದು ಗಾಜಿನ ಪೆಟ್ಟಿಗೆ.

ಮೂರನೆಯ ಕೋಣೆಯಲ್ಲಿ ಕೌದಿ ಇತ್ತು. ಉದ್ದಕ್ಕೆ ಹರಡಿ ಮೇಲೆ ಗಾಜು ಮುಚ್ಚಿದ್ದರು. ಇಳಕಲ್ ಸೆರಗಿನ ಕೆಂಪು, ನಡುವೆ ಅಂಗೈ ಅಗಲದ ಹಸಿರು ಚೂರು. ನನ್ನ ಪರಕಾರ! ಕೆಳಗಿನ ಚೀಟಿಯಲ್ಲಿ 'ಲೇಖಕರ ಮಾತೃಶ್ರೀಯವರು ಸ್ವಹಸ್ತದಿಂದ ಹೊಲಿದ ಕೌದಿ' ಎಂದಿತ್ತು. ಅವ್ವ ಗಾಜಿಗೆ ಮುಖ ಹಚ್ಚಿ ನೋಡಿ, "ಏನ ಬರದಾರ?" ಎಂದು ಕೇಳಿದಳು. ನಾನು ತಡವರಿಸಿದೆ. ಅಲ್ಲಿ ನೋಡಿಕೊಳ್ಳಲು ಇಟ್ಟಿದ್ದವರು ಒಬ್ಬ ನಿವೃತ್ತ ಕನ್ನಡ ಮಾಸ್ತರರು, ಸಾಧು ಮನುಷ್ಯ. ಅವರೇ ಹತ್ತಿರ ಬಂದು ಓದಿ ಹೇಳಿದರು.

ಅವ್ವ ಸಿಟ್ಟಾಗಲಿಲ್ಲ. ನಕ್ಕಳು. "ಚೀಟಿ ಬರದವರಿಗೆ ತಪ್ಪ ತಿಳದೈತ್ರಿ. ಇದನ್ನ ಹೊಲಿದಾಕಿ ನಾನ. ಅವನ ಕಥಿ ಎಲ್ಲಾ ಹೇಳಿದಾಕೀನೂ ನಾನ. ಸ್ವತಾ ಅವನ ಪುಸ್ತಕದಾಗ ನನ್ನ ಹೆಸರ ಹಾಕ್ಯಾನ."

ಮಾಸ್ತರರ ಮುಖ ಅರಳಿತು. "ಹೌದೇನ್ರಿ ಯವ್ವಾ? ಬರದದ್ದ ಇದ್ರ ನಾ ಈಗಿಂದೀಗ ಚೀಟಿ ತಗದು ಬ್ಯಾರೆ ಬರೀತೇನ್ರಿ. ಅವರು ಬರದದ್ದಕ್ಕಿಂತ ದೊಡ್ಡ ಸಾಕ್ಷಿ ಯಾವುದೈತ್ರಿ?"

"ಅವ್ವಾ, ಬಸ್ಸಿಗೆ ಹೊತ್ತಾತು" ಎಂದೆ. ಅವಳು ಕೇಳಿಸಿಕೊಳ್ಳಲಿಲ್ಲ. ಚೀಲದಿಂದ ಪುಸ್ತಕ ತೆಗೆದು, ಅರಿವೆ ಬಿಚ್ಚಿ, ಪುಟ ತೆರೆದು ಕುಂಕುಮದ ಕಲೆಯ ಮೇಲೆ ಬೆರಳಿಟ್ಟು ಕೊಟ್ಟಳು. ಅಕ್ಷರ ಬಾರದವಳು ಆ ಪುಟವನ್ನು ಒಮ್ಮೆಯೂ ತಪ್ಪದೆ ತೆರೆಯುತ್ತಿದ್ದಳು. ಮಾಸ್ತರರು ಚಾಳೀಸು ಏರಿಸಿ ಓದಿದರು.

"'ಅಚ್ಚುಕೂಟದ ಕೆಲಸಗಾರರ ಸಹನೆಗೆ ನಾನು ಋಣಿ' ಅಂತೈತ್ರಿ ಇಲ್ಲಿ."

ಅವರು ಪುಟವನ್ನು ಮೇಲಿಂದ ಕೆಳಗೆ ಇನ್ನೊಮ್ಮೆ ಓದಿದರು, ತಿರುವಿ ಹಿಂದಿನದನ್ನೂ ಓದಿದರು. ಅವಳ ಹೆಸರು ಸಿಕ್ಕೀತೆಂದು ಅವರು ನಿಜವಾಗಿ ಹುಡುಕಿದರು. ಅವ್ವ ನನ್ನ ಕಡೆ ತಿರುಗಿದಳು. ನಾನು ನೆಲದ ಕಡಪಾ ಕಲ್ಲು ನೋಡುತ್ತಿದ್ದೆ.

"ಹೋಗ್ಲಿ ಬಿಡ್ರಿ" ಎಂದಳು ಅವ್ವ. ದನಿ ಸಣ್ಣಗಾಗಿತ್ತು. "ಆ ನಡುವಿನ ಹಸರ ಚೂರ ಬಿಚ್ಚಿ ನೋಡ್ರಿ. ಒಳಗ ನಾಕ ಕಾಳ ಜ್ವಾಳ ಅದಾವು, ರೊಟ್ಟಿ ಚೂರ ಐತಿ. ಹೊಲಿದಾಕಿ ನಾ ಅಲ್ಲದಿದ್ರ ನನಗ ಹ್ಯಾಂಗ ಗೊತ್ತಿರ್ತೈತಿ?"

"ಅದೂ ಈ ಮುನ್ನುಡ್ಯಾಗ ಐತ್ರಿ ಯವ್ವಾ. ತಮ್ಮ ತಾಯಿ ಹಂಗ ಇಡ್ತಿದ್ರಂತ ಬರದಾರ. ಸಾಲಿ ಹುಡುಗೂರಿಗೂ ಗೊತ್ತೈತ್ರಿ ಅದು."

ಗೊತ್ತಿತ್ತು. ಆ ಭಾಗ ಪಾಠಪುಸ್ತಕದಲ್ಲಿ ಬಂದಿತ್ತು. ಹಿರೇಕೆರೂರಿನಲ್ಲಿ ನಾನೇ ಅದನ್ನು ಕಲಿಸುತ್ತಿದ್ದೆ. 'ಲೇಖಕರ ತಾಯಿ ಕೌದಿಯ ನಡುವೆ ಏನನ್ನು ಇಡುತ್ತಿದ್ದರು?' ಎಂದು ಪರೀಕ್ಷೆಯಲ್ಲಿ ಕೇಳಿ, 'ಜೋಳ ಮತ್ತು ರೊಟ್ಟಿ' ಎಂದು ಬರೆದವರಿಗೆ ಪೂರ್ತಿ ಗುಣ ಕೊಡುತ್ತಿದ್ದೆ.

ಆಗ ನಾನು ಬಾಯಿ ಬಿಟ್ಟೆ. ಆ ಹಸಿರು ಚೂರು ನನ್ನ ಪರಕಾರದ್ದು, ನಾನು ಅತ್ತದ್ದು ಓಣಿಗೆಲ್ಲ ಗೊತ್ತು ಎಂದೆಲ್ಲ ಒದರಿದೆ. ಮಾಸ್ತರರು ಸಮಾಧಾನದಿಂದ ಕೇಳಿದರು. "ಇರಬಹುದ್ರಿ ಅಕ್ಕಾರ" ಎಂದು ಪುಸ್ತಕವನ್ನು ನನ್ನ ಕೈಗಿತ್ತರು. ಒಮ್ಮೆ ಸುಳ್ಳು ಸಾಕ್ಷಿ ಹಿಡಿದು ಬಂದವರ ಎರಡನೆಯ ಮಾತಿಗೆ ಕಿಮ್ಮತ್ತಿಲ್ಲ. ನನ್ನನ್ನು ನಂಬಲು ಅವರಿಗೆ ಕಾರಣವಾದರೂ ಏನಿತ್ತು? ಚೀಟಿ ಹಾಗೇ ಉಳಿಯಿತು.

ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಕೂತಳು. ಪುಸ್ತಕದ ಚೀಲ ಅವಳ ತೊಡೆಯ ಮೇಲಿತ್ತು. ನಾನು ಲೇಖಕನನ್ನು ಬೈಯಲು ಶುರು ಮಾಡಿದೆ. ಕಳ್ಳ, ಕೃತಘ್ನ, ಉಂಡ ಮನೆಯ ಗಳ ಎಣಿಸಿದವನು. ಬಾಯಿಗೆ ಬಂದದ್ದನ್ನೆಲ್ಲ ಆಡಿದೆ.

"ಅಂವ ಬರೀಲಿಲ್ಲ, ಅದು ಅವನ ಪಾಪ, ಅವನ ಕೂಡ ಹೋತು" ಎಂದಳು ಕೊನೆಗೆ. "ನೀ ಯಾಕ ಹಂಗ ಓದಿದಿ?"

"ನಿನಗ ಕೆಟ್ಟ ಅನಸಬಾರದಂತ, ಅವ್ವಾ."

"ಅವತ್ತ ಹೇಳಿದ್ರ ಅಂವ ಜೀವಂತ ಇದ್ದ. ನಾಕ ಹೆಜ್ಜಿ ಹೋಗಿ ಅವನ ಬಾಗಲದಾಗ ನಿಂತು ಕೇಳ್ತಿದ್ದೆ. ಸೂಜಿಗೆ ದಾರಾ ಪೋಣಿಸಿದಾಂವಗ ನಾ ಅಂಜತಿದ್ನೇನು?"

ಚಿಕ್ಕೇರೂರು ದಾಟಿದ ಮೇಲೆ ಅವಳು ಮತ್ತೆ ಮಾತಾಡಿದಳು. ನನ್ನ ಕಡೆ ತಿರುಗಲಿಲ್ಲ.

"ಶಿಗ್ಗಾಂವ್ಯಾಗ ನಾ ಅವನಿಗೆ ಕೈ ಮುಗದೆ. ನೀ ಬಾಜೂಕ ನಿಂತ ನೋಡಿದಿ."

ಹಿರೇಕೆರೂರಿನಲ್ಲಿ ಅವಳೇ ಮೊದಲು ಇಳಿದು ಮನೆಯ ದಾರಿ ಹಿಡಿದಳು. ಪುಸ್ತಕದ ಚೀಲವನ್ನು ಸೀಟಿನ ಮೇಲೆ ಬಿಟ್ಟಿದ್ದಳು. ನಾನು ಎತ್ತಿಕೊಂಡು ಹಿಂದೆ ನಡೆದೆ.