ಚಾಯ್-ಹಾ ಅಕ್ಕನ ಹೊಸ ಮದ್ದು

ತೈವಾನಿನ ಕಡಲಂಚಿನಲ್ಲಿ ಸಿಂಪಿ ಸಾಕಿ ಬದುಕುವ ನಮ್ಮ ಊರಲ್ಲಿ ಸಂಜೆ ಕಸದ ಲಾರಿ ಸಂಗೀತ ಹಾಕಿಕೊಂಡು ಬರುವ ಹೊತ್ತಿಗೆ ಮನೆಗೊಬ್ಬರು ಚೀಲ ಹಿಡಿದು ಬೀದಿಯಲ್ಲಿ ನಿಂತಿರುತ್ತಾರೆ. ಕಸ ಒಂದು ನೆಪ. ಯಾರ ಮಗಳ ನಿಶ್ಚಯ ಮುರಿಯಿತು, ಯಾರ ಸಿಂಪಿಗೆ ಒಳ್ಳೆಯ ರೇಟು ಸಿಕ್ಕಿತು ಎಂಬುದೆಲ್ಲ ಅಲ್ಲೇ ಇತ್ಯರ್ಥವಾಗುವುದು. ಚಾಯ್-ಹಾ ಅಕ್ಕ ನನ್ನ ಮಾನ ಕಳೆದದ್ದೂ ಅಲ್ಲೇ.

"ಛ್ವಾ ಮೇಷ್ಟ್ರೇ, ನಿಮ್ಮ ಕರಪತ್ರ ಬೋ-ತಾನ್ ಅಜ್ಜಿ ಚೀಲದಲ್ಲಿದೆ ನೋಡಿ," ಎಂದಳು ಇಡೀ ಬೀದಿಗೆ ಕೇಳುವ ಹಾಗೆ. "ಮೀನಿನ ಮುಳ್ಳು ಸುತ್ತಿದಾಳೆ."

"ಕಾಗದ ಗಟ್ಟಿ ಇತ್ತು," ಎಂದಳು ಬೋ-ತಾನ್ ಅಜ್ಜಿ, ನಾಚಿಕೆಯಿಲ್ಲದೆ.

ನಾನು ಇಲ್ಲಿನ ಪ್ರಾಥಮಿಕ ಶಾಲೆಯ ಮೇಷ್ಟ್ರು. ಶನಿವಾರ ಕಡಲ ದೇವತೆ ಮಾಝು ತಾಯಿಯ ಗುಡಿಯ ಅಂಗಳದಲ್ಲಿ ಊರಿನ ಸ್ಕೌಟ್ ದಳ ನಡೆಸುತ್ತೇನೆ. ಆಗ ದಳದಲ್ಲಿ ಉಳಿದಿದ್ದವರು ಐದೇ ಮಕ್ಕಳು. ದೋಣಿ ಹಬ್ಬದೊಳಗೆ ಎಂಟಾಗದಿದ್ದರೆ ಪಟ್ಟಣದ ದಳದ ಜೊತೆ ಸೇರಿಸುವುದಾಗಿ ಮೇಲಿನವರು ಹೇಳಿದ್ದರು. ಸೇರಿಸುವುದು ಎಂದರೆ ಮುಚ್ಚುವುದು ಎಂದೇ. ಸಿಂಪಿ ಬಿಡಿಸಿ ಬದುಕುವವರು ಶನಿವಾರ ಕೆಲಸ ಬಿಟ್ಟು ಮಕ್ಕಳನ್ನು ಅಷ್ಟು ದೂರ ಬಸ್ಸಿನಲ್ಲಿ ಕರೆದೊಯ್ಯುತ್ತಾರೆಯೇ? ಅದಕ್ಕೇ ನಾನು ಕರಪತ್ರ ಅಚ್ಚು ಹಾಕಿಸಿ ಬೆಳಗಿನ ತಿಂಡಿ ಅಂಗಡಿಗಳಲ್ಲೆಲ್ಲ ಇಟ್ಟಿದ್ದೆ.

ಅಕ್ಕ ಮುಳ್ಳು ಕೊಡವಿ ಅದನ್ನು ಓದಿದಳು. "ಚಾರಿತ್ರ್ಯ ನಿರ್ಮಾಣ. ನಾಯಕತ್ವ ವಿಕಸನ. ಇದೇನ್ ಮೇಷ್ಟ್ರೇ, ಮಕ್ಕಳನ್ನ ಕರೀತಿದೀರೋ, ಚುನಾವಣೆಗೆ ನಿಂತಿದೀರೋ?"

"ಹಾಗಾದ್ರೆ ನೀವೇ ಬರೀರಿ," ಎಂದೆ ಸಿಟ್ಟಿನಿಂದ.

"ಬರೆಯೋಕೆ ನಂಗೆ ಬರಲ್ಲ. ಮಾರೋಕೆ ಬರುತ್ತೆ."

ಅದು ಬಡಾಯಿಯಲ್ಲ. ಬಲೆ ಅಂಗಡಿಯ ಮಹಡಿಯಲ್ಲಿ ಒಂದು ಪುಟ್ಟ ರೇಡಿಯೋ ನಿಲಯವಿದೆ. ಮಧ್ಯಾಹ್ನದ ಹೊತ್ತು ಅದರಲ್ಲಿ ಮಾತಾಡುವವಳು ಚಾಯ್-ಹಾ ಅಕ್ಕ. ನಾನು ಚಡ್ಡಿ ಹಾಕಿಕೊಂಡು ಓಡಾಡುವಾಗಿನಿಂದ ಅವಳ ದನಿ ಕೇಳಿದ್ದೇನೆ. ಒಂದು ಹಳೇ ಹಾಡು, ಆಮೇಲೆ ಕಡಲಿನ ಭರತ ಇಳಿತದ ಸಮಯ, ಆಮೇಲೆ ಕಪ್ಪು ಗುಳಿಗೆ. ಆ ಗುಳಿಗೆ ಸಾಸಿವೆ ಕಾಳಿನಷ್ಟಿದ್ದರೂ ಮಾಡದ ಕೆಲಸವಿರಲಿಲ್ಲ. ಯಕೃತ್ತು ತೊಳೆಯುತ್ತಿತ್ತು, ಮಂಡಿ ನೋವು ಇಳಿಸುತ್ತಿತ್ತು, ಸೊಸೆಯ ಮೇಲಿನ ಕೋಪವನ್ನೂ ತಣಿಸುತ್ತಿತ್ತು. ಮುದುಕಿಯರು ಫೋನು ಮಾಡಿ ಗೋಳು ಹೇಳಿಕೊಳ್ಳುತ್ತಿದ್ದರು, ಅಕ್ಕ ಅವರ ಹೆಸರು ಹಿಡಿದು ಮಾತಾಡಿಸಿ ಎರಡು ಡಬ್ಬಿ ಕಳಿಸುತ್ತಿದ್ದಳು. ಬಾಯಿ ಇದ್ದವರು ಬರಗಾಲದಲ್ಲೂ ಬದುಕುತ್ತಾರೆ ಎನ್ನುವುದು ಇವಳಂಥವರನ್ನು ನೋಡಿಯೇ ಇರಬೇಕು. ಗುಳಿಗೆಯ ಯಜಮಾನ ಒಂದು ದಿನ ಗಂಟುಮೂಟೆ ಕಟ್ಟಿ ಮಾಯವಾದ. ದನಿ ಮಾತ್ರ ಊರಲ್ಲೇ ಉಳಿಯಿತು. ಈಗ ಮೀನಿನ ಮೇವು, ಮಳೆ ಕೋಟು ಮಾರುತ್ತದೆ.

ಲಾರಿ ಹೋದ ಮೇಲೂ ಅಕ್ಕ ಹೋಗಲಿಲ್ಲ. "ಹೋದ ವಾರ ಗುಡೀಲಿ ನಿಮ್ಮ ಮಕ್ಕಳನ್ನ ನೋಡಿದೆ," ಎಂದಳು ದನಿ ತಗ್ಗಿಸಿ. "ಆ ದಪ್ಪ ಹುಡುಗ ಗುಡಾರ ಕಟ್ಟೋಕೆ ಹೋಗಿ ಮತ್ತೆ ಮತ್ತೆ ಬೀಳಿಸಿದ. ಒಬ್ಬರೂ ನಗಲಿಲ್ಲ ಮೇಷ್ಟ್ರೇ. ಈ ಊರಲ್ಲಿ ಎಡವಿದೋರನ್ನ ನೋಡಿ ನಗದೇ ಇರೋ ಜಾಗ ಒಂದಿದೆ ಅಂತ ನಂಗೆ ಗೊತ್ತೇ ಇರಲಿಲ್ಲ."

"ಅದಕ್ಕೆ?"

"ಅಷ್ಟು ವರ್ಷ ಗುಳಿಗೆ ಮಾರಿದೆ. ನಾನು ಒಂದನ್ನೂ ನುಂಗಲಿಲ್ಲ. ಸಾಯೋಕೆ ಮುಂಚೆ ನಾನೂ ನಂಬೋ ಸಾಮಾನು ಒಂದನ್ನಾದ್ರೂ ಮಾರಬೇಕು ಅಂತ ಆಸೆ."

ಸರಿ, ದಳದ ಮಾತನ್ನು ರೇಡಿಯೋದಲ್ಲಿ ಹೇಳಿ ನೋಡಿ ಎಂದೆ.

ಮರುದಿನ ಮಧ್ಯಾಹ್ನ ಶಾಲೆಯ ಎದುರಿನ ತಿಂಡಿ ಅಂಗಡಿಯಲ್ಲಿ ಮೀನಿನ ಗಂಜಿ ಮುಂದಿಟ್ಟುಕೊಂಡು ರೇಡಿಯೋ ಕೇಳಲು ಕೂತೆ. ಸಮುದ್ರದ ಸಮಾಚಾರ ಮುಗಿಯಿತು. "ಅಮ್ಮಂದಿರೇ, ಅಜ್ಜಿಯರೇ," ಎಂದು ಅಕ್ಕನ ದನಿ ಜೇನಿನಂತೆ ಇಳಿಯಿತು. "ಮೊಮ್ಮಗ ಕರೆದ್ರೆ ಓಗೊಡಲ್ವಾ? ಮೂರು ಹೊತ್ತೂ ಫೋನಲ್ಲೇ ಮುಖ ಹುದುಗಿಸಿರ್ತಾನಾ? ಊಟ ಮಾಡಿದ ತಟ್ಟೆ ಅಲ್ಲೇ ಬಿಟ್ಟು ಏಳ್ತಾನಾ? ಅದಕ್ಕೊಂದು ಮದ್ದು ಬಂದಿದೆ. ಅಡ್ಡ ಪರಿಣಾಮ ಇಲ್ಲ. ಡಬ್ಬಿ ಬೇಡ, ಪಥ್ಯ ಬೇಡ. ಶನಿವಾರ ಬೆಳಿಗ್ಗೆ ಮಾಝು ತಾಯಿ ಗುಡಿಗೆ ಬನ್ನಿ."

ನಾನು ತಲೆ ಚಚ್ಚಿಕೊಂಡೆ. ಸ್ಕೌಟ್ ಎಂಬ ಮಾತನ್ನು ಅವಳು ಕೊನೆಗೊಮ್ಮೆ ಹೇಳಿದಳು, ಅದೂ ಮದ್ದಿನ ಹೆಸರು ಎನ್ನುವ ಹಾಗೆ. ಅಂಗಡಿಯವಳು ಗಂಜಿಗೆ ಇನ್ನಷ್ಟು ಶುಂಠಿ ಹಾಕುತ್ತಾ, "ಚೆನ್ನಾಗಿದೆ ಅನ್ಸುತ್ತೆ, ಎಷ್ಟಂತೆ?" ಎಂದಳು.

ಶನಿವಾರ ನಾನು ಅಂಗಳದಲ್ಲಿ ಹಗ್ಗ, ಗುಡಾರ, ಅಡುಗೆಯ ಡಬ್ಬಿಗಳನ್ನೆಲ್ಲ ಜೋಡಿಸಿಟ್ಟೆ. ನನ್ನ ಐದು ಮಕ್ಕಳು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೊರಳಿಗೆ ದಳದ ಹಳದಿ ಬಟ್ಟೆ ಕಟ್ಟಿಕೊಂಡು ಸಾಲಾಗಿ ನಿಂತರು. ಜನ ಬರತೊಡಗಿದರು. ಬಂದರು, ಬಂದರು, ಅಂಗಳ ತುಂಬಿತು. ಎಲ್ಲರೂ ಮುದುಕಿಯರು. ಬಿಸಿನೀರಿನ ಫ್ಲಾಸ್ಕು, ಮಡಚುವ ಸ್ಟೂಲು, ಬಿಸಿಲಿಗೆ ಟೋಪಿ. ಹುಡುಕಿದರೂ ಒಂದು ಮಗುವಿಲ್ಲ. ಕೆಲವರು ಹಳೆಯ ಗುಳಿಗೆ ಡಬ್ಬಿಯನ್ನೂ ತಂದಿದ್ದರು, ಹೊಸ ಮದ್ದನ್ನು ಅದಕ್ಕೇ ತುಂಬಿಸಿಕೊಳ್ಳಲು.

ಅಕ್ಕ ಗುಡಿಯ ಮೈಕು ಹಿಡಿದು ನಿಂತಿದ್ದಳು. ಹೊಸ ಹೂವಿನ ಅಂಗಿ ತೊಟ್ಟಿದ್ದಳು. ಅಂಗಳದ ಮೂಲೆ ಮೂಲೆಯನ್ನೂ ನೋಡಿದಳು.

"ಮಕ್ಕಳೆಲ್ಲಿ?" ಎಂದಳು.

"ಅವು ಮಲಗಿವೆ," ಎಂದಳು ಬೋ-ತಾನ್ ಅಜ್ಜಿ. "ಮದ್ದು ಕೊಡು, ಮನೇಲಿ ಕುಡಿಸ್ತೀವಿ."

ಅಂಗಳವೆಲ್ಲ ಹೌದು ಹೌದು ಎಂದಿತು. ಅಕ್ಕ ಸುತ್ತಿ ಬಳಸದೆ ಹೇಳಿಬಿಟ್ಟಳು, "ಕುಡಿಸೋ ಮದ್ದಲ್ಲ ಅಜ್ಜಿ. ನಾನು ಬಾಯಿ ಚಪಲಕ್ಕೆ ಹಂಗಂದೆ. ಮಕ್ಕಳು ಇಲ್ಲಿಗೆ ಬರಬೇಕು. ಬಂದು ಗಂಟು ಹಾಕೋದು, ಅನ್ನ ಸೀಯಿಸೋದು, ಒಬ್ಬರಿಗೊಬ್ಬರು ಆಗೋದು ಕಲೀಬೇಕು. ಇಷ್ಟೇ. ಆದ್ರೆ ಇದು ನಿಜ."

"ಇದು ನಿಜ ಅಂದ್ರೆ, ಆ ಗುಳಿಗೆ?" ಬೋ-ತಾನ್ ಅಜ್ಜಿ ಸ್ಟೂಲಿನಿಂದ ಏಳಲೂ ಇಲ್ಲ.

ಮೈಕು ಇನ್ನೂ ಅಕ್ಕನ ಬಾಯಿಯ ಹತ್ತಿರವೇ ಇತ್ತು. ಬೇಕೆಂದರೆ ಆರಿಸಬಹುದಿತ್ತು, ಆರಿಸಲಿಲ್ಲ. "ಅದರಲ್ಲಿ ಏನಿತ್ತೋ ನಂಗೆ ಗೊತ್ತಿಲ್ಲ. ಸುಳ್ಳು ಹೇಳಿ ಮಾರಿದೆ. ತಪ್ಪಾಯ್ತು."

ಮುದುಕಿಯರು ಬೈಯುತ್ತಾರೆ, ಸ್ಟೂಲು ಎಸೆಯುತ್ತಾರೆ ಎಂದು ನಾನು ಮಕ್ಕಳನ್ನು ಹಿಂದಕ್ಕೆ ಕರೆದುಕೊಂಡೆ. ಬೋ-ತಾನ್ ಅಜ್ಜಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಒಂದು ಗುಟುಕು ಕುಡಿದಳು.

"ಅದು ನಮಗೆ ಗೊತ್ತಿಲ್ವೇನೇ? ನನ್ನ ಮಂಚದ ಕೆಳಗೆ ಡಬ್ಬಿ ಡಬ್ಬಿ ಹಾಗೇ ಇವೆ. ಗುಳಿಗೆಗಾ ನಿಂಗೆ ಫೋನು ಮಾಡ್ತಿದ್ದಿದ್ದು? ಬೋ-ತಾನ್ ಅಜ್ಜಿ, ಮಂಡಿ ಹೆಂಗಿದೆ ಅಂತ ರೇಡಿಯೋದಲ್ಲಿ ಕೇಳ್ತಿದ್ದೆಯಲ್ಲ, ಅದಕ್ಕೆ. ದಿನವಿಡೀ ನನ್ನ ಹೆಸರು ಹಿಡಿದು ಕರೆಯೋ ಪ್ರಾಣಿ ನೀನೊಬ್ಬಳೇ."

ಅಕ್ಕ ಅಳಲು ಶುರು ಮಾಡಿದಳು, ಮೈಕಿನಲ್ಲೇ. ಊರಿಗೆಲ್ಲ ಕೇಳಿತು.

"ಅಳಬೇಡ, ಕಿವಿ ಒಡೆಯುತ್ತೆ," ಎಂದಳು ಅಜ್ಜಿ. "ಮಕ್ಕಳನ್ನ ತಾನೇ ತರಬೇಕು? ತರ್ತೀವಿ ಬಿಡು."

ಮುಂದಿನ ಶನಿವಾರ ತಂದರು. ಕಿವಿ ಹಿಡಿದು ತಂದರು, ಆಸೆ ತೋರಿಸಿ ತಂದರು. ಒಬ್ಬನಂತೂ ಮನೆಯಲ್ಲಿ ಹಾಕುವ ಚಪ್ಪಲಿಯಲ್ಲೇ ಬಂದಿದ್ದ. ಬೋ-ತಾನ್ ಅಜ್ಜಿಯ ಮೊಮ್ಮಗ ಯೂ-ಕಾಯ್ ನೆಲ ನೋಡುತ್ತಾ ಮೂಲೆಯಲ್ಲಿ ನಿಂತ. ಹೆಸರು ಕೇಳಿದರೆ ಅಜ್ಜಿಯೇ ಹೇಳಬೇಕಾಯಿತು. ಹಳೆಯ ಐವರನ್ನೂ ಸೇರಿಸಿ ಎಣಿಸಿದರೆ ಹನ್ನೊಂದು ತಲೆ. ದಳ ಉಳಿಯಿತು. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು.

ಅಕ್ಕ ಮಾತ್ರ ಗುಡಿಯ ಮೆಟ್ಟಿಲ ಮೇಲೆ ಮುಖ ಊದಿಸಿಕೊಂಡು ಕೂತಿದ್ದಳು.

"ಇನ್ನೇನು ಬೇಕು ನಿಮಗೆ?" ಎಂದೆ. "ಊರ ತುಂಬಾ ಡಂಗುರ ಹೊಡೆದ್ರಿ, ಕೆಲಸ ಆಯ್ತಲ್ಲ."

"ಏನಾಯ್ತು ಮಣ್ಣು? ಬದುಕಲ್ಲಿ ಒಂದ್ಸಲ ನಿಜ ಮಾರೋಣ ಅಂತ ಹೊರಟೆ. ಅದನ್ನೂ ನನ್ನ ಮುಖ ನೋಡೇ ತಗೊಂಡ್ರು, ಗುಳಿಗೆ ತಗೊಂಡ ಹಂಗೇ. ಇದೂ ಮಂಚದ ಕೆಳಗೇ ಹೋಗುತ್ತೆ ನೋಡಿ."

ಹನ್ನೊಂದು ಮಕ್ಕಳಲ್ಲಿ ಎಷ್ಟು ಉಳಿದಾವು ಎಂದು ನನಗೂ ಒಳಗೊಳಗೇ ಅಳುಕಿತ್ತು. ಅಕ್ಕ ರೇಡಿಯೋದಲ್ಲಿ ದಳದ ಮಾತೆತ್ತುವುದನ್ನೇ ಬಿಟ್ಟಳು. ಮಳೆ ಕೋಟು, ಮೀನಿನ ಮೇವು, ಹಾಡು. ನಾನು ದಳದ ಸುದ್ದಿ ಬರೆದು ಕಳಿಸಿದರೆ ಹವಾಮಾನದ ಹಾಗೆ ಓದಿ ಮುಗಿಸುತ್ತಿದ್ದಳು.

ಬೇಸಿಗೆ ರಜೆ ಹತ್ತಿರವಾದಾಗ ಒಂದು ಮಧ್ಯಾಹ್ನ ನಾನು ಅದೇ ತಿಂಡಿ ಅಂಗಡಿಯಲ್ಲಿದ್ದೆ. ರೇಡಿಯೋದಲ್ಲಿ ಫೋನು ಬಂತು.

"ಲೇ ಚಾಯ್-ಹಾ, ನಾನು."

"ಹೇಳು ಬೋ-ತಾನ್ ಅಜ್ಜಿ, ಮಂಡಿ ಹೆಂಗಿದೆ?"

"ಮಂಡಿ ಸಾಯ್ಲಿ. ನಿನ್ನೆ ಸಂಜೆ ನಮ್ಮ ಬಾಗಿಲಿಗೆ ಮೂರು ಹುಡುಗ್ರು ಬಂದಿದ್ವು. ಕೊರಳಿಗೆ ಹಳದಿ ಬಟ್ಟೆ. ಯೂ-ಕಾಯ್, ಯೂ-ಕಾಯ್, ಬಾರೋ, ಅಂತ ಬೀದಿಗೆಲ್ಲ ಕೇಳೋ ಹಂಗೆ ಕೂಗಿದ್ವು. ಇವನು ಫೋನು ಬಿಸಾಕಿ ಓಡಿದ." ಅಜ್ಜಿ ಉಸಿರು ತೆಗೆದುಕೊಂಡಳು. "ಅವನಮ್ಮ ಬಿಟ್ಟು ಹೋದಾಗಿಂದ ಆ ಹೆಸರು ಕೂಗ್ತಿದ್ದವಳು ನಾನೊಬ್ಬಳೇ ಕಣೇ. ನಾನು ಹೋದ್ಮೇಲೆ ಯಾರು ಕೂಗ್ತಾರೆ ಅಂತ ನಂಗೆ ನಿದ್ದೆ ಬರ್ತಿರಲಿಲ್ಲ. ನಿನ್ನೆ ಮಲಗಿದೆ."

ರೇಡಿಯೋದಲ್ಲಿ ಏನೂ ಕೇಳಿಸಲಿಲ್ಲ. ಅಂಗಡಿಯವಳು ಕೆಟ್ಟಿತೇನೋ ಎಂದು ಬಂದು ಪೆಟ್ಟಿಗೆಯ ತಲೆಗೆ ಒಂದು ಬಡಿದಳು. ಆಮೇಲೆ ಅಕ್ಕನ ದನಿ ಬಂತು. ಜೇನೂ ಇಲ್ಲ, ಬೆಲ್ಲವೂ ಇಲ್ಲ, ಮೂಗು ಕಟ್ಟಿದ ಬರೀ ದನಿ.

"ಅಜ್ಜಿ, ಆ ಹುಡುಗರು ಕೂಗಿದ್ದು ಹೆಂಗೆ ಅಂತ ಇನ್ನೊಂದ್ಸಲ ಹೇಳು."